ನೊರೆ ತೇಲಿಕೆಯಲ್ಲಿ ಅಸಹಜ ನೊರೆ

ನೊರೆ ತೇಲಿಕೆಯಲ್ಲಿ ಅಸಹಜ ನೊರೆ ಎಂದರೆ, ಅದಿರನ್ನು ನೊರೆ ತೇಲಿಕೆ ವಿಧಾನದಿಂದ ಸಾಂದ್ರೀಕರಿಸುವಾಗ ತೊಟ್ಟಿಯ ಮೇಲ್ಮೈಯಲ್ಲಿರುವ ನೊರೆಯ ಪ್ರಮಾಣ, ಬಣ್ಣ, ಗುಳ್ಳೆಗಳ ಗಾತ್ರ, ಬಿಗುವು ಅಥವಾ ಹರಿವು ವಾಡಿಕೆಯ ಸ್ಥಿತಿಯಿಂದ ಬೇರೆಯಾಗುವುದು. ನೊರೆ ಕೆಟ್ಟರೆ ಲೋಹದ ಖನಿಜವು ತ್ಯಾಜ್ಯದೊಡನೆ ಹೊರಟುಹೋಗುತ್ತದೆ, ಇಲ್ಲವೇ ಬೇಡದ ಕಲ್ಲುಪುಡಿಯು ಉತ್ಪನ್ನದೊಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ನೊರೆಯ ಸ್ವರೂಪವನ್ನು ನೋಡಿ ಕಾರಣವನ್ನು ಗುರುತಿಸಿ ಸರಿಪಡಿಸುವುದು ಸಾಂದ್ರೀಕರಣ ಘಟಕದ ನಿತ್ಯದ ಕೆಲಸಗಳಲ್ಲಿ ಒಂದು. ಕರ್ನಾಟಕದಲ್ಲಿ ತಾಮ್ರದ ಅದಿರಿಗೆ ಈ ವಿಧಾನವನ್ನು ಬಳಸಿದ ಪ್ರಮುಖ ಸ್ಥಳ ಚಿತ್ರದುರ್ಗದ ಸಮೀಪದ ಇಂಗಳದಾಳು.

ಚಿತ್ರದುರ್ಗ ಜಿಲ್ಲೆಯ ಹಿನ್ನೆಲೆ

ಚಿತ್ರದುರ್ಗ ಜಿಲ್ಲೆಯ ನಡುವೆ ಹಾದುಹೋಗುವ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಚಿತ್ರದುರ್ಗ ಷಿಸ್ಟ್ ಪಟ್ಟಿ ಎಂದು ಕರೆಯುತ್ತಾರೆ. ಇದು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು, ಇದರ ವಯಸ್ಸು ಸುಮಾರು ಎರಡೂವರೆ ಶತಕೋಟಿ ವರ್ಷಗಳಿಗೂ ಹೆಚ್ಚು. ಕಡಲಿನ ತಳದಲ್ಲಿ ಹರಿದ ಲಾವಾ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಶಿಲೆಗಳನ್ನು ಇದೇ ಪಟ್ಟಿಯ ಮರಡಿಹಳ್ಳಿಯಲ್ಲಿ ಕಾಣಬಹುದು. ಅದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಇಂಗಳದಾಳಿನ ತಾಮ್ರದ ಅದಿರು ಇಂಥ ಜ್ವಾಲಾಮುಖಿಜ ಶಿಲೆಗಳ ನಡುವೆ ದೊರೆಯುತ್ತದೆ. ಅಲ್ಲಿ ಪ್ರಾಚೀನ ಕಾಲದ ಗಣಿಗಾರಿಕೆಯ ಕುರುಹುಗಳೂ ಕಂಡುಬಂದಿವೆ. ಆಧುನಿಕ ಕಾಲದಲ್ಲಿ ಚಿತ್ರದುರ್ಗ ತಾಮ್ರ ಕಂಪನಿಯು ಇಲ್ಲಿ ಗಣಿಗಾರಿಕೆ ನಡೆಸಿತು. ಮುಂದೆ ಈ ಘಟಕವು ರಾಜ್ಯ ಸರ್ಕಾರದ ಸ್ವಾಮ್ಯದ ಹಟ್ಟಿ ಚಿನ್ನದ ಗಣಿ ಕಂಪನಿಗೆ ಸೇರಿತು. ಕಾಲಾಂತರದಲ್ಲಿ ತಾಮ್ರದ ಉತ್ಪಾದನೆ ನಿಂತಿತು.

ಇಲ್ಲಿಯ ಮುಖ್ಯ ತಾಮ್ರ ಖನಿಜ ಚಾಲ್ಕೊಪೈರೈಟ್. ಇದು ತಾಮ್ರ, ಕಬ್ಬಿಣ ಮತ್ತು ಗಂಧಕಗಳ ಸಂಯುಕ್ತ. ಶುದ್ಧ ಚಾಲ್ಕೊಪೈರೈಟಿನಲ್ಲಿ ಸುಮಾರು ಶೇ. 34.6ರಷ್ಟು ತಾಮ್ರವಿರುತ್ತದೆ. ಇದರ ಜೊತೆಯಲ್ಲಿ ಪೈರೈಟ್, ಪಿರೋಟೈಟ್ ಮುಂತಾದ ಕಬ್ಬಿಣದ ಸಲ್ಫೈಡುಗಳೂ, ಸುತ್ತಲಿನ ಶಿಲೆಯಿಂದ ಬರುವ ಕ್ಲೋರೈಟ್, ಬೆಣಚುಕಲ್ಲು ಮತ್ತು ಕಾರ್ಬೊನೇಟುಗಳೂ ಇರುತ್ತವೆ. ನೊರೆಯ ಅಸಹಜತೆಗಳಲ್ಲಿ ಹಲವು ಈ ಜೊತೆಗಾರ ಖನಿಜಗಳಿಂದಲೇ ಹುಟ್ಟುತ್ತವೆ.

ವಿಧಾನದ ತತ್ತ್ವ

ಮೊಸರನ್ನು ಕಡೆದಾಗ ಬೆಣ್ಣೆ ಮೇಲೆ ಬರುವುದಕ್ಕೆ ಈ ವಿಧಾನವನ್ನು ಹೋಲಿಸುವುದುಂಟು. ಹೋಲಿಕೆಯು ಅರ್ಧದಷ್ಟು ಮಾತ್ರ ಸರಿ. ಬೆಣ್ಣೆಯು ಮಜ್ಜಿಗೆಗಿಂತ ಹಗುರವಾದುದರಿಂದ ತೇಲುತ್ತದೆ. ಚಾಲ್ಕೊಪೈರೈಟಿನ ಸಾಂದ್ರತೆಯಾದರೋ ನೀರಿನ ಸಾಂದ್ರತೆಯ ನಾಲ್ಕು ಪಟ್ಟಿಗೂ ಹೆಚ್ಚು. ಅದು ತೇಲುವುದು ಗಾಳಿಯ ಗುಳ್ಳೆಗೆ ಅಂಟಿಕೊಳ್ಳುವುದರಿಂದ.

ಅದಿರನ್ನು ಜಜ್ಜಿ, ಬಾಲ್ ಮಿಲ್‌ನಲ್ಲಿ ನೀರಿನೊಡನೆ ಅರೆದು ರಾಡಿ ಮಾಡುತ್ತಾರೆ. ರಾಡಿಗೆ ಕ್ಸಾಂಥೇಟ್‌ನಂಥ ಸಂಗ್ರಾಹಕವನ್ನು ಸೇರಿಸಿದಾಗ ಅದು ಸಲ್ಫೈಡ್ ಖನಿಜದ ಕಣಗಳ ಮೇಲ್ಮೈಗೆ ಅಂಟಿ, ಅವುಗಳನ್ನು ನೀರಿಗೆ ಒದ್ದೆಯಾಗದಂತೆ, ಅಂದರೆ ಜಲವಿಕರ್ಷಕವಾಗುವಂತೆ ಮಾಡುತ್ತದೆ. ಪೈನ್ ಎಣ್ಣೆಯಂಥ ನೊರೆಕಾರಕವು ಗುಳ್ಳೆಗಳನ್ನು ಸಣ್ಣದಾಗಿಸಿ, ಅವು ಬೇಗನೆ ಒಡೆಯದಂತೆ ತಡೆಯುತ್ತದೆ. ತೊಟ್ಟಿಯೊಳಗೆ ತಿರುಗುವ ಇಂಪೆಲ್ಲರ್ ರಾಡಿಯನ್ನು ಕಲಕುತ್ತ ಗಾಳಿಯನ್ನು ಗುಳ್ಳೆಗಳಾಗಿ ಒಡೆಯುತ್ತದೆ. ಜಲವಿಕರ್ಷಕ ಕಣಗಳು ಗುಳ್ಳೆಗಳನ್ನೇರಿ ಮೇಲೆ ಬರುತ್ತವೆ; ಬೆಣಚುಕಲ್ಲಿನಂಥ ಜಲಾಕರ್ಷಕ ಕಣಗಳು ರಾಡಿಯಲ್ಲೇ ಉಳಿಯುತ್ತವೆ. ಸುಣ್ಣವನ್ನು ಸೇರಿಸಿ ರಾಡಿಯ ಕ್ಷಾರತೆಯನ್ನು ಹೆಚ್ಚಿಸಿದರೆ ಪೈರೈಟ್ ತೇಲದೆ ಅಡಗುತ್ತದೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ನೊರೆಯನ್ನು ಕಲ್ಮಶವೆಂದು ತೆಗೆದು ಹಾಕುತ್ತಾರೆ. ಇಲ್ಲಿ ನೊರೆಯೇ ಫಲ, ಕೆಳಗೆ ಉಳಿದುದು ಕಲ್ಮಶ.

ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಗಳಲ್ಲಿ 20ನೆಯ ಶತಮಾನದ ಮೊದಲ ದಶಕದಲ್ಲಿ ಈ ವಿಧಾನವು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತು. 1925ರಲ್ಲಿ ಕ್ಸಾಂಥೇಟುಗಳ ಬಳಕೆಗೆ ಪೇಟೆಂಟ್ ದೊರೆತ ಬಳಿಕ ಸಲ್ಫೈಡ್ ಅದಿರುಗಳಿಗೆಲ್ಲ ಇದೇ ಮುಖ್ಯ ಮಾರ್ಗವಾಯಿತು.

ಸಹಜ ನೊರೆಯ ಲಕ್ಷಣಗಳು

ಅಸಹಜವನ್ನು ಗುರುತಿಸಬೇಕಾದರೆ ಸಹಜವಾದುದರ ಪರಿಚಯ ಇರಬೇಕು. ತೇಲಿಕೆಯ ತೊಟ್ಟಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಮೊದಲ ತೊಟ್ಟಿಗಳಲ್ಲಿ ಸುಲಭವಾಗಿ ತೇಲುವ ಖನಿಜವು ಹೊರಬರುತ್ತದೆ. ಆದ್ದರಿಂದ ಅಲ್ಲಿಯ ನೊರೆ ಖನಿಜದಿಂದ ತುಂಬಿ, ಲೋಹದ ಹೊಳಪಿನೊಡನೆ ಗಾಢ ಬಣ್ಣದಲ್ಲಿರುತ್ತದೆ. ಸಾಲಿನಲ್ಲಿ ಮುಂದೆ ಹೋದಂತೆ ನೊರೆ ತೆಳುವಾಗಿ, ಬಿಳುಪಾಗಿ, ಕಡೆಯ ತೊಟ್ಟಿಗಳಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಮೊದಲ ತೊಟ್ಟಿಗಳ ನೊರೆಯನ್ನು ಮತ್ತೊಮ್ಮೆ ಶುದ್ಧೀಕರಣದ ತೊಟ್ಟಿಗಳಿಗೆ ಕಳುಹಿಸುತ್ತಾರೆ. ಅಲ್ಲಿ ಉಳಿದ ರಾಡಿಯು ಹಿಂದಿನ ಹಂತಕ್ಕೆ ಮರಳುತ್ತದೆ.

ಒಳ್ಳೆಯ ನೊರೆಯ ಗುಳ್ಳೆಗಳು ಒಂದೇ ಬಗೆಯ ಗಾತ್ರದಲ್ಲಿದ್ದು, ಅಂಚಿನವರೆಗೂ ಒಡೆಯದೆ ಸಾಗಿ, ಕಾಲುವೆಗೆ ಬಿದ್ದೊಡನೆ ಒಡೆಯುತ್ತವೆ. ತೊಟ್ಟಿಯಲ್ಲಿ ಬಾಳಬೇಕು, ಕಾಲುವೆಯಲ್ಲಿ ಅಳಿಯಬೇಕು ಎಂಬುದೇ ನೊರೆಯಿಂದ ನಿರೀಕ್ಷಿಸುವ ಗುಣ. ಗುಳ್ಳೆಗಳ ನಡುವಿನ ನೀರು ಇಳಿದು ಹೋಗಲು ಸಮಯ ಸಿಕ್ಕರೆ, ಆ ನೀರಿನೊಡನೆ ಮೇಲೆ ಬಂದ ಕಲ್ಲುಪುಡಿಯೂ ಕೆಳಗಿಳಿಯುತ್ತದೆ. ಹೀಗಾಗಿ ನೊರೆಯ ಪದರದ ದಪ್ಪಕ್ಕೂ ಉತ್ಪನ್ನದ ಶುದ್ಧತೆಗೂ ನೇರವಾದ ಸಂಬಂಧವಿದೆ.

ಅಸಹಜ ನೊರೆಯ ಬಗೆಗಳು

ಉಕ್ಕಿ ಹರಿಯುವ ನೊರೆ. ಹಾಲು ಉಕ್ಕಿದಂತೆ ನೊರೆಯು ಕಾಲುವೆ ಮತ್ತು ಪಂಪಿನ ತೊಟ್ಟಿಗಳನ್ನು ಮೀರಿ ನೆಲಕ್ಕೆ ಹರಿಯುತ್ತದೆ. ನೊರೆಕಾರಕ ಅಧಿಕವಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಅತಿನುಣುಪಾದ ಜೇಡಿ ಕಣಗಳು ಹೆಚ್ಚಿದಾಗಲೂ, ನೊರೆಕಾರಕದ ಶೇಷವಿರುವ ನೀರನ್ನು ಮರುಬಳಸಿದಾಗಲೂ, ಗಾಳಿ ಹೆಚ್ಚಾದಾಗಲೂ ಹೀಗಾಗುತ್ತದೆ. ನೊರೆಕಾರಕವನ್ನು ಹಂತಹಂತವಾಗಿ ಇಳಿಸುವುದು ಮೊದಲ ಕ್ರಮ. ನೀರು ಚಿಮುಕಿಸಿ ನೊರೆಯನ್ನು ಒಡೆಯುವುದು ತಾತ್ಕಾಲಿಕ ಉಪಶಮನವಷ್ಟೇ. ಶುದ್ಧೀಕರಣ ತೊಟ್ಟಿಗಳಿಂದ ಮರಳುವ ರಾಡಿಯೊಡನೆ ನೊರೆಕಾರಕವೂ ಮರಳುವುದರಿಂದ, ಮೂಲದಲ್ಲಿ ಕಡಿಮೆ ಮಾಡಿದರೂ ಪರಿಣಾಮ ತಡವಾಗಿ ಕಾಣುತ್ತದೆ.

ಕುಸಿದ ಅಥವಾ ಇಲ್ಲವಾದ ನೊರೆ. ನೊರೆಕಾರಕದ ಕೊಳವೆ ಕಟ್ಟಿಕೊಂಡಿರುವುದು, ಗಾಳಿಯ ಒತ್ತಡ ಇಳಿದಿರುವುದು, ತೊಟ್ಟಿಯಲ್ಲಿ ರಾಡಿಯ ಮಟ್ಟ ತಗ್ಗಿರುವುದು, ಇಂಪೆಲ್ಲರ್ ಸವೆದಿರುವುದು ಇವೆಲ್ಲ ಕಾರಣಗಳು. ಯಂತ್ರಗಳ ಎಣ್ಣೆ ಅಥವಾ ಗ್ರೀಸ್ ಸೋರಿ ರಾಡಿಗೆ ಸೇರಿದರೂ ನೊರೆ ಸತ್ತುಹೋಗುತ್ತದೆ. ಬೆಲ್ಲದ ಕೊಪ್ಪರಿಗೆ ಉಕ್ಕಿದಾಗ ಎಣ್ಣೆಯ ಹನಿ ಹಾಕಿ ತಣಿಸುವುದನ್ನು ಬಲ್ಲವರಿಗೆ ಇದರ ಕಾರಣ ಸುಲಭವಾಗಿ ಅರ್ಥವಾಗುತ್ತದೆ. ಎಣ್ಣೆ ಸೋರಿದ್ದಾಗ ಇನ್ನಷ್ಟು ನೊರೆಕಾರಕ ಸುರಿಯುವುದು ವ್ಯರ್ಥ, ಸೋರಿಕೆಯನ್ನು ನಿಲ್ಲಿಸಬೇಕು.

ಬಿಳಿಯ, ನೀರಾದ, ಬರಿದಾದ ನೊರೆ. ನೊರೆ ಇದೆ, ಆದರೆ ಅದರ ಮೇಲೆ ಖನಿಜವಿಲ್ಲ. ಸಂಗ್ರಾಹಕ ನಿಂತುಹೋಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಹಳೆಯದಾದ ಕ್ಸಾಂಥೇಟ್ ದ್ರಾವಣವು ಕೊಳೆತು ಶಕ್ತಿ ಕಳೆದುಕೊಂಡಿರಬಹುದು. ಖನಿಜವನ್ನು ಅಡಗಿಸುವ ರಾಸಾಯನಿಕಗಳು ಅತಿಯಾದರೂ ಹೀಗಾಗುತ್ತದೆ. ಅದಿರೇ ಬದಲಾಗಿರುವ ಸಾಧ್ಯತೆಯೂ ಉಂಟು. ನೆಲಮಟ್ಟಕ್ಕೆ ಹತ್ತಿರದ ಅದಿರು ಗಾಳಿ ಮತ್ತು ನೀರಿನ ಸಂಪರ್ಕದಿಂದ ಆಕ್ಸಿಡೀಕರಣಗೊಂಡು ಮ್ಯಾಲಕೈಟ್‌ನಂಥ ಹಸಿರು ಖನಿಜವಾಗಿರುತ್ತದೆ; ಅದು ಕ್ಸಾಂಥೇಟಿಗೆ ಸುಲಭವಾಗಿ ಒಲಿಯುವುದಿಲ್ಲ. ದೀರ್ಘಕಾಲ ರಾಶಿಯಲ್ಲಿ ಬಿದ್ದಿದ್ದ ಸಲ್ಫೈಡ್ ಅದಿರಿಗೂ ಇದೇ ಗತಿ.

ಬಿಗಿಯಾದ, ಅಂಟಾದ ನೊರೆ. ನೊರೆಯು ಗಟ್ಟಿಯಾಗಿ ಅಂಚಿನತ್ತ ಸರಿಯದೆ ನಿಲ್ಲುತ್ತದೆ. ಸಂಗ್ರಾಹಕ ಹೆಚ್ಚಾಗಿ ನೊರೆಕಾರಕ ಕಡಿಮೆಯಾದಾಗ, ಅರೆತ ಅತಿಯಾದಾಗ, ಸುಣ್ಣ ಮಿತಿಮೀರಿದಾಗ ಹೀಗಾಗುತ್ತದೆ. ಬಳಪದ ಕಲ್ಲಿನ ಜಾತಿಯ ಟಾಲ್ಕ್ ಅದಿರಿನಲ್ಲಿದ್ದರೆ ಅದು ಸಂಗ್ರಾಹಕವಿಲ್ಲದೆಯೂ ತಾನಾಗಿ ತೇಲಿ ನೊರೆಯನ್ನು ಜಡಗೊಳಿಸುತ್ತದೆ. ಟಾಲ್ಕನ್ನು ಅಡಗಿಸಲು ಗೋರಿಕಾಯಿಯ ಬೀಜದಿಂದ ತೆಗೆದ ಗೋಂದು ಅಥವಾ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಬಳಸುತ್ತಾರೆ. ಕ್ಲೋರೈಟಿನಂಥ ಮೃದು ಖನಿಜಗಳಿಂದಾದ ಜೇಡಿಯನ್ನು ಚದುರಿಸಲು ಸೋಡಿಯಂ ಸಿಲಿಕೇಟ್ ನೆರವಾಗುತ್ತದೆ.

ದೊಡ್ಡ, ಬೇಗ ಒಡೆಯುವ ಗುಳ್ಳೆಗಳು. ನೊರೆಕಾರಕದ ಕೊರತೆ, ಅರೆತ ಸಾಲದೆ ಕಣಗಳು ದಪ್ಪವಾಗಿರುವುದು ಅಥವಾ ರಾಡಿ ತೀರ ತೆಳುವಾಗಿರುವುದು ಇದರ ಹಿಂದಿರುತ್ತದೆ. ಸುಮಾರು 150 ಮೈಕ್ರಾನ್‌ಗಿಂತ ದಪ್ಪವಾದ ಸಲ್ಫೈಡ್ ಕಣಗಳನ್ನು ಗುಳ್ಳೆಯು ಹೊತ್ತೊಯ್ಯಲು ಕಷ್ಟಪಡುತ್ತದೆ. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಗುಳ್ಳೆಗೆ ತಾಗದೆಯೇ ಪಕ್ಕಕ್ಕೆ ಸರಿದುಹೋಗುತ್ತವೆ.

ಕುದಿಯುವಂಥ ಮೇಲ್ಮೈ. ನೊರೆಯ ನಡುವೆ ರಾಡಿಯು ಚಿಮ್ಮಿ ಏಳುತ್ತದೆ. ಗಾಳಿ ಅತಿಯಾಗಿರಬಹುದು, ಅಥವಾ ಇಂಪೆಲ್ಲರ್ ಸುತ್ತಲಿನ ಭಾಗಗಳು ಮುರಿದು ಗಾಳಿಯು ಒಡೆಯದೆ ಒಂದೇ ಕಡೆ ಮೇಲೇರುತ್ತಿರಬಹುದು. ಒಂದು ತೊಟ್ಟಿಯಲ್ಲಿ ಮಾತ್ರ ಹೀಗಾದರೆ ದೋಷ ಯಂತ್ರದ್ದು. ಸಾಲಿನುದ್ದಕ್ಕೂ ಆದರೆ ಗಾಳಿ, ನೀರು ಅಥವಾ ರಾಸಾಯನಿಕಗಳದ್ದು. ಈ ಸರಳ ಭೇದವು ಬಹಳ ಸಮಯವನ್ನು ಉಳಿಸುತ್ತದೆ.

ತಿಳಿ ಹಿತ್ತಾಳೆ ಬಣ್ಣದ ನೊರೆ. ಚಾಲ್ಕೊಪೈರೈಟಿನ ಹಳದಿ ಗಾಢವಾದುದು, ಪೈರೈಟಿನದು ಪೇಲವ. ನೊರೆ ಪೇಲವವಾದರೆ ಪೈರೈಟ್ ಮೇಲೆ ಬರುತ್ತಿದೆ ಎಂದರ್ಥ. ಸುಣ್ಣದ ಪೂರೈಕೆಯನ್ನು ಪರೀಕ್ಷಿಸಬೇಕು. ಪೈರೈಟನ್ನು ಅಡಗಿಸಲು ರಾಡಿಯ ಪಿಎಚ್ ಮೌಲ್ಯವನ್ನು ಸಾಮಾನ್ಯವಾಗಿ 10.5ರಿಂದ 12ರ ನಡುವೆ ಇಡುತ್ತಾರೆ. ಪಿರೋಟೈಟ್ ಹೆಚ್ಚಿರುವ ಅದಿರು ರಾಡಿಯಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತದೆ. ಆಗ ತಾಮ್ರದ ಖನಿಜವೂ ತಡವಾಗಿ ತೇಲುತ್ತದೆ. ತೇಲಿಕೆಗೆ ಮುನ್ನ ರಾಡಿಗೆ ಗಾಳಿ ಊದುವುದು ಇದಕ್ಕೆ ಪರಿಹಾರ.

ಕಾರಣ ಪತ್ತೆಹಚ್ಚುವ ಕ್ರಮ

ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುವುದರಿಂದ, ನೋಡಿದೊಡನೆ ರಾಸಾಯನಿಕದ ತಿರುಪನ್ನು ತಿರುಗಿಸುವುದು ಅಪಾಯಕರ. ಬರಿದಾದ ನೊರೆಯನ್ನು ಕಂಡು ಗಾಳಿಯನ್ನು ಹೆಚ್ಚಿಸಿದರೆ ನೊರೆಯೊಡನೆ ನೀರು ಹೆಚ್ಚು ಬರುತ್ತದೆ, ನೀರಿನೊಡನೆ ಕಲ್ಲುಪುಡಿ ಬರುತ್ತದೆ. ತಾಮ್ರ ಮಾತ್ರ ಬರುವುದಿಲ್ಲ. ಪರಿಶೀಲನೆಗೆ ಈ ಕ್ರಮವು ಅನುಕೂಲಕರ.

1. ಅಳತೆಯ ಉಪಕರಣಗಳು ಸರಿಯಿವೆಯೇ ಎಂದು ಖಚಿತಪಡಿಸಿಕೊಳ್ಳುವುದು. ಪಿಎಚ್ ಮಾಪಕದ ತುದಿಗೆ ಸುಣ್ಣ ಕಟ್ಟಿದ್ದರೆ ಅದು ತಪ್ಪು ಅಂಕಿಯನ್ನು ತೋರಿಸುತ್ತದೆ. ಪಿಎಚ್ ಕಾಗದದಿಂದ ತಾಳೆ ನೋಡಬೇಕು.

2. ಅದಿರು ಬದಲಾಗಿದೆಯೇ ಎಂದು ಗಣಿಯ ವಿಭಾಗದಿಂದ ತಿಳಿಯುವುದು. ಗಣಿಯ ಬೇರೆ ಮಟ್ಟದ ಅಥವಾ ಹಳೆಯ ರಾಶಿಯ ಅದಿರು ಬಂದಿದ್ದರೆ ಉಳಿದ ಲಕ್ಷಣಗಳೆಲ್ಲ ಅದರಿಂದಲೇ ಹುಟ್ಟಿರಬಹುದು.

3. ಅರೆತವನ್ನೂ ರಾಡಿಯ ಸಾಂದ್ರತೆಯನ್ನೂ ಪರೀಕ್ಷಿಸುವುದು. ಜರಡಿಯಿಂದ ಕಣದ ಗಾತ್ರವನ್ನೂ, ನಿಗದಿತ ಗಾತ್ರದ ಪಾತ್ರೆಯಲ್ಲಿ ರಾಡಿಯನ್ನು ತೂಗಿ ಘನವಸ್ತುವಿನ ಪ್ರಮಾಣವನ್ನೂ ತಿಳಿಯಬಹುದು.

4. ರಾಸಾಯನಿಕಗಳು ನಿಜವಾಗಿ ಬೀಳುತ್ತಿವೆಯೇ ಎಂದು ನೋಡುವುದು. ಕೊಳವೆಯ ತುದಿಯಲ್ಲಿ ಅಳತೆಯ ಪಾತ್ರೆ ಹಿಡಿದು, ಒಂದು ನಿಮಿಷದಲ್ಲಿ ಬಿದ್ದುದನ್ನು ಅಳೆಯಬೇಕು. ಒಂದು ಟನ್ ಅದಿರಿಗೆ ಬೇಕಾದ ಸಂಗ್ರಾಹಕವು ಸಾಮಾನ್ಯವಾಗಿ ಹತ್ತಾರು ಗ್ರಾಂಗಳಷ್ಟೇ ಆದುದರಿಂದ, ಹನಿಗಳಲ್ಲಿ ಆಗುವ ವ್ಯತ್ಯಾಸವೂ ಪರಿಣಾಮ ಬೀರುತ್ತದೆ.

5. ನೀರಿನ ಮೂಲ ಬದಲಾಗಿದೆಯೇ ಎಂದು ವಿಚಾರಿಸುವುದು.

6. ಗಾಳಿ, ರಾಡಿಯ ಮಟ್ಟ ಮತ್ತು ಇಂಪೆಲ್ಲರ್‌ಗಳನ್ನು ತೊಟ್ಟಿಯಿಂದ ತೊಟ್ಟಿಗೆ ಹೋಲಿಸುವುದು.

ಬದಲಾವಣೆಯನ್ನು ಒಂದು ಬಾರಿಗೆ ಒಂದೇ ಮಾಡಬೇಕು. ರಾಡಿಯು ಸಾಲಿನುದ್ದಕ್ಕೂ ಸಾಗಲು ತೆಗೆದುಕೊಳ್ಳುವ ಸಮಯ ಕಳೆಯುವವರೆಗೆ ಫಲಕ್ಕಾಗಿ ಕಾಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ. ಮಾಡಿದುದನ್ನು ಪಾಳಿಯ ಪುಸ್ತಕದಲ್ಲಿ ವೇಳೆ ಸಹಿತ ಬರೆದಿಡುವುದು ಮುಂದಿನ ಪಾಳಿಯವರಿಗೆ ದಾರಿದೀಪ.

ಪ್ರಯೋಗಾಲಯದ ಫಲಿತಾಂಶ ಬರುವ ಮೊದಲೇ ನಷ್ಟವನ್ನು ಅಂದಾಜು ಮಾಡಲು, ಹೊರಹೋಗುವ ರಾಡಿಯ ಸ್ವಲ್ಪ ಭಾಗವನ್ನು ಅಗಲವಾದ ತಟ್ಟೆಯಲ್ಲಿ ಜಾಲಿಸಿ ನೋಡುವ ರೂಢಿ ಘಟಕಗಳಲ್ಲಿದೆ. ಹಗುರ ಕಣಗಳು ತೊಳೆದುಹೋಗಿ ಭಾರವಾದ ಸಲ್ಫೈಡಿನ ಗೆರೆ ತಟ್ಟೆಯ ಅಂಚಿನಲ್ಲಿ ಮೂಡುತ್ತದೆ. ಕನ್ನಡ ನಾಡಿನ ಜಲಗಾರರು ಮರದ ಮರಿಗೆಯಲ್ಲಿ ಮಣ್ಣನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದುದೂ ಇದೇ ತತ್ತ್ವದಿಂದ.

ನಷ್ಟದ ಲೆಕ್ಕ

ಅದಿರಿನಲ್ಲಿರುವ ಲೋಹದ ಎಷ್ಟು ಭಾಗ ನೊರೆಯಲ್ಲಿ ದೊರೆಯಿತು ಎಂಬುದನ್ನು ಗಳಿಕೆ ಎನ್ನಬಹುದು. ಇದನ್ನು ತಿಳಿಯಲು ಅದಿರು, ಸಾಂದ್ರೀಕೃತ ಅದಿರು ಮತ್ತು ಉಳಿಕೆ ರಾಡಿ ಈ ಮೂರರ ಲೋಹಾಂಶ ಸಾಕು. ಅದಿರಿನ ಅಂಶದಿಂದ ಉಳಿಕೆಯ ಅಂಶವನ್ನು ಕಳೆದು, ಬಂದುದನ್ನು ಸಾಂದ್ರೀಕೃತ ಅದಿರಿನ ಅಂಶದಿಂದ ಗುಣಿಸಬೇಕು. ಅದನ್ನು, ಸಾಂದ್ರೀಕೃತ ಅದಿರಿನ ಅಂಶದಿಂದ ಉಳಿಕೆಯ ಅಂಶವನ್ನು ಕಳೆದು ಅದಿರಿನ ಅಂಶದಿಂದ ಗುಣಿಸಿದ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ಗಳಿಕೆ ಬರುತ್ತದೆ.

ಉದಾಹರಣೆಗಾಗಿ, ಅದಿರಿನಲ್ಲಿ ಶೇ. 1.2, ಸಾಂದ್ರೀಕೃತ ಅದಿರಿನಲ್ಲಿ ಶೇ. 20, ಉಳಿಕೆಯಲ್ಲಿ ಶೇ. 0.12 ತಾಮ್ರವಿದೆ ಎಂದುಕೊಳ್ಳೋಣ. ಆಗ ಗಳಿಕೆ ಸುಮಾರು ಶೇ. 90.5. ನೊರೆ ಕೆಟ್ಟು ಉಳಿಕೆಯ ಅಂಶ ಶೇ. 0.24ಕ್ಕೆ ಏರಿದರೆ ಗಳಿಕೆ ಸುಮಾರು ಶೇ. 81ಕ್ಕೆ ಇಳಿಯುತ್ತದೆ. ದಿನಕ್ಕೆ 500 ಟನ್ ಅದಿರು ಅರೆಯುವ ಘಟಕದಲ್ಲಿ ಇದು ದಿನವೊಂದಕ್ಕೆ ಅರ್ಧ ಟನ್ನಿಗೂ ಮೀರಿದ ತಾಮ್ರದ ನಷ್ಟ. ನೆಲದಾಳದಲ್ಲಿ ಕಾರ್ಮಿಕರು ಕೊರೆದು, ಮೇಲೆ ತಂದು, ಅರೆದ ಅದಿರು ಕಡೆಯ ಹಂತದಲ್ಲಿ ಕೈತಪ್ಪುತ್ತದೆ. ಲೋಹಾಂಶ ಕಡಿಮೆಯಿರುವ ಗಣಿಯಲ್ಲಿ ಇಷ್ಟು ವ್ಯತ್ಯಾಸವೇ ಲಾಭ ಮತ್ತು ನಷ್ಟಗಳ ನಡುವಿನ ಗೆರೆಯಾಗಬಹುದು.

ಕಬ್ಬಿಣದ ಅದಿರಿನಲ್ಲಿ ನೊರೆ

ಹೊಳಲ್ಕೆರೆ ಮತ್ತು ಹೊಸದುರ್ಗ ತಾಲ್ಲೂಕುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳಿವೆ. ಇವು ಹೆಚ್ಚಾಗಿ ಆಕ್ಸೈಡುಗಳಾದುದರಿಂದ ಮೇಲೆ ಹೇಳಿದ ಸಲ್ಫೈಡ್ ಕ್ರಮವು ಇವುಗಳಿಗೆ ಅನ್ವಯಿಸದು. ಉತ್ತಮ ದರ್ಜೆಯ ಅದಿರಿಗೆ ಜಜ್ಜಿ ಜರಡಿ ಹಿಡಿಯುವುದೇ ಸಾಕಾಗುತ್ತದೆ. ಸಿಲಿಕಾ ಹೆಚ್ಚಿರುವ ನುಣುಪು ಅದಿರಿಗೆ ಲೋಕದ ಹಲವೆಡೆ ವಿಲೋಮ ತೇಲಿಕೆಯನ್ನು ಬಳಸುತ್ತಾರೆ. ಇದರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಕಬ್ಬಿಣದ ಖನಿಜವನ್ನು ಅಡಗಿಸಿ, ಅಮೈನ್ ಎಂಬ ಸಂಗ್ರಾಹಕದಿಂದ ಸಿಲಿಕಾವನ್ನು ತೇಲಿಸುತ್ತಾರೆ. ಇಲ್ಲಿ ನೊರೆಯೇ ತ್ಯಾಜ್ಯ. ನೊರೆ ಕೆಂಪಾಯಿತೆಂದರೆ ಕಬ್ಬಿಣ ಕಳೆದುಹೋಗುತ್ತಿದೆ ಎಂದು ತಿಳಿಯಬೇಕು. ಅಮೈನ್ ತಾನೇ ನೊರೆಯನ್ನೂ ಎಬ್ಬಿಸುವುದರಿಂದ, ಅದು ಹೆಚ್ಚಾದಾಗ ನೊರೆಯ ಹತೋಟಿ ಕಷ್ಟವಾಗುತ್ತದೆ.

ಸುರಕ್ಷತೆ

ನೊರೆಯನ್ನು ಸರಿಪಡಿಸುವ ಆತುರದಲ್ಲಿ ಕೆಲಸಗಾರರ ಜೀವಕ್ಕೆ ಅಪಾಯ ಒದಗಬಾರದು. ಕ್ಸಾಂಥೇಟ್ ತೇವ, ಬಿಸಿ ಅಥವಾ ಆಮ್ಲದ ಸಂಪರ್ಕದಿಂದ ಒಡೆದು ಕಾರ್ಬನ್ ಡೈಸಲ್ಫೈಡನ್ನು ಬಿಡುತ್ತದೆ. ಅದು ವಿಷಕಾರಿ ಮತ್ತು ಸುಲಭವಾಗಿ ಹೊತ್ತಿಕೊಳ್ಳುವ ಅನಿಲರೂಪಕ್ಕೆ ತಿರುಗುತ್ತದೆ. ಪೈರೈಟನ್ನು ಅಡಗಿಸಲು ಕೆಲವೆಡೆ ಬಳಸುವ ಸೋಡಿಯಂ ಸಯನೈಡ್ ಕ್ಷಾರತೆ ಇಳಿದ ರಾಡಿಯಲ್ಲಿ ಮಾರಕವಾದ ಹೈಡ್ರೋಜನ್ ಸಯನೈಡ್ ಅನಿಲವಾಗುತ್ತದೆ. ಆದ್ದರಿಂದ ಸಯನೈಡ್ ಬಳಸುವ ಘಟಕದಲ್ಲಿ ಸುಣ್ಣ ನಿಂತುಹೋದರೆ ಅದು ಉತ್ಪನ್ನದ ಸಮಸ್ಯೆಯಷ್ಟೇ ಅಲ್ಲ, ಪ್ರಾಣಾಪಾಯವೂ ಹೌದು: ಮೊದಲು ಸಯನೈಡನ್ನು ನಿಲ್ಲಿಸಬೇಕು. ಸುಣ್ಣದ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೆ ಹಾನಿಯಾಗಬಹುದು. ಉಕ್ಕಿ ಹರಿದ ನೊರೆ ನಡೆದಾಡುವ ಜಾಗವನ್ನು ಜಾರುವಂತೆ ಮಾಡುವುದರಿಂದ ಅದನ್ನು ಕೂಡಲೇ ತೊಳೆಯಬೇಕು.

ನೀರು ಮತ್ತು ಪರಿಸರ

ಚಿತ್ರದುರ್ಗವು ಮಳೆ ಕಡಿಮೆಯ ಬಯಲುಸೀಮೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವೇ ಜಿಲ್ಲೆಯ ದೊಡ್ಡ ಜಲಾಶಯ. ಇಂಥ ಪ್ರದೇಶದ ಘಟಕದಲ್ಲಿ ನೀರನ್ನು ಮರುಬಳಸುವುದು ಅನಿವಾರ್ಯ. ಮರುಬಳಕೆಯ ನೀರಿನಲ್ಲಿ ನೊರೆಕಾರಕದ ಶೇಷ, ಸುಣ್ಣ ಮತ್ತು ಕರಗಿದ ಲವಣಗಳು ದಿನೇ ದಿನೇ ಸೇರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕೊಳವೆಬಾವಿಯ ಗಡಸು ನೀರಿಗೆ ಬದಲಾದಾಗಲೂ ನೊರೆ ವ್ಯತ್ಯಾಸವಾಗುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದಿರುವಂತೆಯೇ, ಕೊಬ್ಬಿನಾಮ್ಲದ ಜಾತಿಯ ಸಂಗ್ರಾಹಕಗಳು ಇಂಥ ನೀರಿನಲ್ಲಿ ವ್ಯರ್ಥವಾಗುತ್ತವೆ. ಕ್ಸಾಂಥೇಟಿಗೆ ಈ ತೊಂದರೆ ಕಡಿಮೆ.

ತೇಲದೆ ಉಳಿದ ರಾಡಿಯನ್ನು ಕಟ್ಟೆಯೊಳಗೆ ಸಂಗ್ರಹಿಸುತ್ತಾರೆ. ಅದರಲ್ಲಿರುವ ಪೈರೈಟ್ ಮತ್ತು ಪಿರೋಟೈಟ್‌ಗಳು ಗಾಳಿ, ನೀರುಗಳ ಸಂಪರ್ಕದಿಂದ ನಿಧಾನವಾಗಿ ಆಮ್ಲವನ್ನು ಉಂಟುಮಾಡಬಲ್ಲವು. ಆಮ್ಲವು ಉಳಿದ ತಾಮ್ರ ಮೊದಲಾದ ಲೋಹಗಳನ್ನು ಕರಗಿಸಿ ಮಣ್ಣು ಮತ್ತು ಅಂತರ್ಜಲಕ್ಕೆ ಸೇರಿಸುತ್ತದೆ. ಘಟಕದಲ್ಲಿ ನೊರೆಯನ್ನು ಕಡೆಗಣಿಸಿದ ದಿನಗಳಲ್ಲಿ ತಾಮ್ರವು ಇದೇ ಕಟ್ಟೆಗೆ ಹೆಚ್ಚಾಗಿ ಸೇರುತ್ತದೆ. ಗಣಿಯನ್ನು ಮುಚ್ಚಿದ ಬಳಿಕವೂ ಈ ಕಟ್ಟೆಗಳು ಉಳಿಯುವುದರಿಂದ, ಅವುಗಳನ್ನು ಮಣ್ಣಿನಿಂದ ಮುಚ್ಚಿ ಗಿಡ ಬೆಳೆಸುವುದು, ಮಳೆನೀರು ಒಳನುಗ್ಗದಂತೆ ಸುತ್ತ ಕಾಲುವೆ ತೆಗೆಯುವುದು ಮತ್ತು ಸಮೀಪದ ಬಾವಿಗಳ ನೀರನ್ನು ಆಗಾಗ ಪರೀಕ್ಷಿಸುವುದು ಅಗತ್ಯ.